ಚರಗದ ಹೊಲಕ್ಕೆ ಬಂದ ಚಿಗರಿ

ಚಿಗರಿ, ಅಂದರೆ ಕೃಷ್ಣಮೃಗ, ನೋಡಲು ಚೆಂದ. ಯಾರು ಅಲ್ಲವೆಂದರು? ಕಲಬುರಗಿಯಿಂದ ಕಾರಿನಲ್ಲಿ ಬಂದು, ರಸ್ತೆ ಬದಿಗೆ ನಿಂತು, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗುವವರಿಗೆ ಅದಕ್ಕಿಂತ ಚೆಂದದ ಪ್ರಾಣಿ ಇನ್ನೊಂದಿಲ್ಲ. ಆದರೆ ತೊಗರಿ ಹೂವಾಗಿ, ಹೂವು ಕಾಯಾಗುವ ಹೊತ್ತಿಗೆ ಅದೇ ಚೆಂದದ ಪ್ರಾಣಿ ನೂರು ಇನ್ನೂರರ ಹಿಂಡು ಕಟ್ಟಿಕೊಂಡು ಬಂದು ಹೊಲದ ನಡುವೆ ನಿಂತರೆ ಹೇಗಿರುತ್ತದೆ ಎಂಬುದನ್ನು ಅಣ್ಣಾರಾಯನನ್ನು ಕೇಳಬೇಕು. ಅವನು ಹೇಳುವುದಿಲ್ಲ. ಹೇಳಿ ಹೇಳಿ ಅವನ ಬಾಯಿ ಸೋತಿದೆ.

ನೆಲೋಗಿಯ ಆಚೆಗಿನ ಒಂದು ಹಳ್ಳಿ ಅವನದು. ಹಳ್ಳದ ದಂಡೆಗೆ ಹತ್ತಿದ ಕಪ್ಪು ನೆಲ ಅವನು ಪಾಲಿಗೆ ಮಾಡುತ್ತಿದ್ದ ಹೊಲ. ಮಾಲಕ ಜಗದೇವಪ್ಪ ಸಾವಕಾರರು. ದುಡಿಮೆ ಇವನದು, ನೆಲ ಅವರದು, ಬಂದದ್ದರಲ್ಲಿ ಅರ್ಧರ್ಧ. ಅವನ ಅಪ್ಪನೂ ಅದೇ ಹೊಲವನ್ನು ಹಾಗೆಯೇ ಮಾಡಿದ್ದ. ಎರಡು ವರ್ಷದಿಂದ ಮಾತ್ರ ಅರ್ಧ ಮಾಡಲು ಏನೂ ಉಳಿಯುತ್ತಿರಲಿಲ್ಲ. ಕಾಯಿ ಚಿಗರಿಗೆ, ಕಟ್ಟಿಗೆ ಇವರಿಗೆ.

ದೀಪಾವಳಿಯಲ್ಲಿ ಸಾವಕಾರರು ಅವನನ್ನು ಕರೆಸಿ, ಸಿಟ್ಟಿಲ್ಲದೆ, ಮೆತ್ತಗೆ ಒಂದು ಮಾತು ಹೇಳಿದ್ದರು. ಈ ವರ್ಷವೂ ಬರೀ ಕಟ್ಟಿಗೆಯೇ ಬಂದರೆ ಹೊಲವನ್ನು ಸೋಲಾರಿನವರಿಗೆ ಕೊಟ್ಟುಬಿಡುತ್ತೇನೆ, ಆಮೇಲೆ ನನ್ನ ಮೇಲೆ ಮುನಿಸಿಕೊಳ್ಳಬೇಡ ಎಂದು. ಮೆತ್ತಗೆ ಹೇಳಿದ ಮಾತೇ ಹೆಚ್ಚು ಚುಚ್ಚುತ್ತದೆ ನೋಡಿ. ಅಣ್ಣಾರಾಯ ಮನೆಗೆ ಬಂದು ಉಣ್ಣದೆ ಮಲಗಿದ. ಹೊಲ ಹೋದರೆ ಮುಂದಿನ ದಾರಿ ಪುಣೆಯ ಕಟ್ಟಡದ ಕೆಲಸ. ಅವನ ಅಣ್ಣ ಹಾಗೆಯೇ ಹೋಗಿದ್ದ. ಅಣ್ಣನ ಎರಡೂ ಹೆಣ್ಣುಮಕ್ಕಳು ಶಾಲೆ ಬಿಟ್ಟು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತರು. ಅಣ್ಣಾರಾಯನ ಮಗಳು ಪಂಚಶೀಲಾ ಈಗ ಜೇವರ್ಗಿಯಲ್ಲಿ ಪಿಯುಸಿ ಎರಡನೇ ವರ್ಷ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಹುಡುಗಿ. ಅವಳ ತಲೆಯ ಮೇಲೆ ಬುಟ್ಟಿ ಇಡಲಾರೆ ಎಂಬುದೊಂದೇ ಅವನ ಹಟ. ಇದು ಬಿಟ್ಟರೆ ಅವನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ಹಾಗಂತ ಅವನು ಕೈಕಟ್ಟಿ ಕುಳಿತಿರಲಿಲ್ಲ. ಹೆಂಡತಿ ರಮಾಬಾಯಿಯ ಹಳೇ ಸೀರೆಗಳನ್ನೆಲ್ಲ ಹೊಲದ ಸುತ್ತ ಕಟ್ಟಿದ. ಕಟಿಂಗ್ ಅಂಗಡಿಯಿಂದ ಕೂದಲು ತಂದು ಬದುವಿಗೆ ಚೆಲ್ಲಿದ, ಮನುಷ್ಯರ ವಾಸನೆಗೆ ಬರುವುದಿಲ್ಲವೆಂದು ಯಾರೋ ಹೇಳಿದ್ದರು. ನಾಯಿ ಬೊಗಳುವ ಸದ್ದನ್ನು ಸ್ಪೀಕರಿನಲ್ಲಿ ಹಾಕಿದ. ಮೊದಲ ದಿನ ಚಿಗರಿಗಳು ಓಡಿದವು. ಎರಡನೇ ದಿನ ನಿಂತು ಕೇಳಿದವು. ಮೂರನೇ ದಿನ ಸ್ಪೀಕರಿನ ಪಕ್ಕದಲ್ಲೇ ಮೇಯ್ದವು. ಅಣ್ಣಾರಾಯನಿಗೆ ನಗು ಬಂತು, ನಕ್ಕ, ನಗುತ್ತಲೇ ಬದುವಿನ ಮೇಲೆ ಕುಳಿತು ಅತ್ತ.

ಇದಕ್ಕೆಲ್ಲ ಮದ್ದು ಎಂದು ಊರಿನಲ್ಲಿ ಇದ್ದದ್ದು ಒಂದೇ: ಸಾವಕಾರರ ಬಂದೂಕು. ಅವರ ತಂದೆಯ ಕಾಲದ ಲೈಸೆನ್ಸಿನದು. ಬೆಳೆ ಕಾಯಲೆಂದೇ ಕೊಟ್ಟದ್ದು. ಸಾವಕಾರರು ಲಿಂಗಧಾರಿಗಳು, ಒಂದು ಇರುವೆಯನ್ನೂ ಹೊಸಕಿದವರಲ್ಲ. ಪಂಪ್‌ಹೌಸಿನ ಮೇಲೆ ಹತ್ತಿ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು, ಅಷ್ಟೇ. ಆ ಸದ್ದಿಗೆ ಹಿಂಡು ಹಳ್ಳ ದಾಟಿ ಓಡಿದರೆ ಕೆಲವು ದಿನ ಇತ್ತ ತಲೆ ಹಾಕುತ್ತಿರಲಿಲ್ಲ. ಈ ಸಲ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕಲ್ಲ! ಸಾವಕಾರರ ಬಂದೂಕೂ ಹೆಸರಿನ ಚೀಟಿ ಕಟ್ಟಿಸಿಕೊಂಡು ಹೋಗಿ ಕೂತಿತು. ಆ ಸುದ್ದಿ ಚಿಗರಿಗಳಿಗೆ ಯಾರು ಮುಟ್ಟಿಸಿದರೋ, ಮರುವಾರದಿಂದಲೇ ಹಗಲು ಹೊತ್ತಿನಲ್ಲಿ ಹೊಲಕ್ಕೆ ಇಳಿಯತೊಡಗಿದವು.

ಪಂಪ್‌ಹೌಸಿನ ಮುಂದೆ ಸುತ್ತಲಿನ ಹೊಲದವರೆಲ್ಲ ಸೇರಿದರು. ಅರಣ್ಯ ಇಲಾಖೆಗೆ ಎಷ್ಟು ಸಲ ಹೋದರೂ ಆಗುವುದು ಅಷ್ಟೇ ಎಂದು ಎಲ್ಲರೂ ಒಪ್ಪಿದ ಮೇಲೆ ಮಾತು ಕೊಲ್ಲುವುದಕ್ಕೆ ಬಂತು. ಕೆಲವರು ಬಂದೂಕು ವಾಪಸು ಬರಲಿ, ಈ ಸಲ ಆಕಾಶಕ್ಕಲ್ಲ, ಹಿಂಡಿಗೇ ಹೊಡೆಯೋಣ ಎಂದರು. ಬಂದೂಕಿನ ಸದ್ದು ಜೇವರ್ಗಿಯವರೆಗೆ ಕೇಳುತ್ತದೆ, ಹುಲಿ ಹೊಡೆದರೂ ಚಿಗರಿ ಹೊಡೆದರೂ ಜೈಲು ಒಂದೇ ಎಂದು ಇನ್ನು ಕೆಲವರು. ಬಿಲ್ಲಾದರೆ ಸದ್ದಿಲ್ಲ ಎಂದು ಯಾರೋ ಅಂದರು. ಅಲ್ಲಿಗೆ ಮಾತು ಬಿಲ್ಲಿಗೆ ನಿಂತಿತು. ಕರಿ ಗಂಡನ್ನು ಹೊಡೆದರೆ ಇನ್ನೊಂದು ಗಂಡು ಬಂದು ಹಿಂಡು ಕೂಡುತ್ತದೆ, ಸಂಖ್ಯೆ ಇಳಿಯಬೇಕಾದರೆ ಹೆಣ್ಣನ್ನೇ ಹೊಡೆಯಬೇಕು ಎಂದು ಅದನ್ನೂ ನಿರ್ಧಾರ ಮಾಡಿದರು. ಮನೆಯಲ್ಲಿ ಹೆಣ್ಣುಮಕ್ಕಳಿದ್ದವರೇ ಕೂತು ಮಾಡಿದ ನಿರ್ಧಾರ ಅದು.

ಒಬ್ಬನೇ ಒಬ್ಬ ಬೇಡವೆಂದವನು ನಿಜಾಮುದ್ದೀನ. ನೆಲೋಗಿ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ, ಅಣ್ಣಾರಾಯನ ಬದುವಿಗೆ ಹತ್ತಿದ ಒಂದು ತುಂಡು ಹೊಲ, ಬಾಯಿ ಮಾತ್ರ ಬಲು ಜೋರು. ಬಿಲ್ಲಿನಿಂದ ಒಂದು ಸತ್ತರೆ ಎರಡು ಗಾಯವಾಗಿ ಓಡುತ್ತವೆ, ಓಡಿದ್ದು ಎಲ್ಲಿ ಬಿದ್ದು ಎಷ್ಟು ದಿನ ಒದ್ದಾಡಿತೆಂದು ನೋಡಲು ಯಾರು ಹೋಗುತ್ತೀರಿ ಎಂದು ಕೇಳಿದ. ಬಂದೂಕಿನಿಂದ ನಾಲ್ಕು ಹೊಡೆದರೂ ಇನ್ನೂರು ಇನ್ನೂರೇ, ಮಧ್ಯಪ್ರದೇಶದಲ್ಲಿ ಹೆಲಿಕಾಪ್ಟರಿನಿಂದ ಬೆದರಿಸಿ ಹಿಡಿದು ಕಾಡಿಗೆ ಒಯ್ದದ್ದನ್ನು ಮೊಬೈಲಿನಲ್ಲಿ ನೋಡಿದ್ದೇನೆ, ಅದನ್ನು ಕೇಳೋಣ ಎಂದ. ಎಲ್ಲರೂ ನಕ್ಕರು. ನಮ್ಮೂರಿಗೆ ಬಸ್ಸೇ ಸರಿಯಾಗಿ ಬರುವುದಿಲ್ಲ, ಇವನಿಗೆ ಹೆಲಿಕಾಪ್ಟರ್ ಬೇಕಂತೆ!

ಹೊಡೆಯುವವರು ಯಾರು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಅಣ್ಣಾರಾಯ ಸಣ್ಣವನಿದ್ದಾಗ ಜೋಳದ ಹೊಲ ಕಾಯುತ್ತ ಬಿಲ್ಲು ಹಿಡಿದವನು. ಅಟ್ಟದ ಮೇಲೆ ನಿಂತು ನರಿಯ ಕಿವಿಗೆ ಹೊಡೆದದ್ದನ್ನು ಊರು ಇನ್ನೂ ಮರೆತಿರಲಿಲ್ಲ.

ಸಾವಕಾರರು ಕೊರಳ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡು ಹೇಳಿದರು: “ನಾವು ಲಿಂಗ ಕಟ್ಟಿದವರು. ನಮ್ಮ ಕೈಲೆ ಆಗೂ ಕೆಲಸಲ್ಲ ಇದು. ನೀನೇ ಮಾಡಬೇಕು ನೋಡು, ಅಣ್ಣಾರಾಯ.”

“ನಾವೂ ಪಂಚಶೀಲ ತಗೊಂಡವರೇ ಅದೇವ್ರಿ, ಸಾವಕಾರ್ರ. ಜೀವ ತಗೀಬಾರ್ದು ಅಂತ ನಾನೂ ಕೈ ಮುಗದು ಹೇಳೇನಿ.”

ಸಾವಕಾರರು ನಕ್ಕರು. “ಮೊದಲ ಹೊಲ ಉಳಿಲಿ. ಏನರೆ ಆದ್ರ ಊರಿಗೂರೇ ನಿನ್ನ ಹಿಂದ ಅದ. ಹೌದಲ್ರೋ?”

ಹೌದ್ರಿ, ಹೌದ್ರಿ ಎಂದು ಎಲ್ಲರೂ ಅಂದರು. ಆ ಹೌದಿನ ಸದ್ದು ದೊಡ್ಡದಿತ್ತು. ಅಣ್ಣಾರಾಯ ಅದನ್ನು ನಂಬಿದ. ನಂಬದೆ ಏನು ಮಾಡಬೇಕಿತ್ತು, ನೀವೇ ಹೇಳಿ? ಮುಳುಗುವವನು ಹಗ್ಗದ ತುದಿಯಲ್ಲಿ ಯಾರಿದ್ದಾರೆಂದು ನೋಡುತ್ತಾನೆಯೇ?

ಬಾಣಗಳನ್ನು ಸಾವಕಾರರೇ ಯಡ್ರಾಮಿಯ ಕಮ್ಮಾರನ ಹತ್ತಿರ ಮಾಡಿಸಿ ತಂದರು. ಕಾರಿನ ಸೀಟಿನ ಕೆಳಗಿಂದ ತೆಗೆದು, ಗೋಣಿಯಲ್ಲಿ ಸುತ್ತಿ ಕೊಟ್ಟರು. ಕಬ್ಬಿಣದ ಅಲಗಿಗೆ ಹಿಂದಕ್ಕೆ ಬಾಗಿದ ಕೊಕ್ಕೆ ಇತ್ತು. ಒಳಗೆ ಹೋದದ್ದು ಹೊರಗೆ ಬರಬಾರದೆಂದು ಮಾಡಿದ ಕೊಕ್ಕೆ. ಅಣ್ಣಾರಾಯ ಬಿದಿರು ಬಗ್ಗಿಸಿ ಬಿಲ್ಲು ಕಟ್ಟಿದ, ಹೊಟ್ಟಿನ ಚೀಲಕ್ಕೆ ಹೊಡೆದು ಕೈ ಪಳಗಿಸಿಕೊಂಡ. ಬಿಲ್ಲನ್ನು ತೊಗರಿ ಕಟ್ಟಿಗೆಯ ಒಟ್ಟಿಲಿನಲ್ಲಿ ಮುಚ್ಚಿಟ್ಟ. ರಮಾಬಾಯಿಗೆ ಪಂಪ್‌ಹೌಸಿನ ಮಾತು ಹೇಗೋ ಮುಟ್ಟಿತ್ತು. ಬುದ್ಧನ ಫೋಟೋದ ಮುಂದೆ ನಿಲ್ಲಿಸಿ ಕೇಳಿದಳು. ಒಲ್ಲೆ ಎಂದು ಹೇಳಿ ಬಂದೆನೆಂದ. ಮದುವೆಯಾದಾಗಿನಿಂದ ಅವಳಿಗೆ ಅವನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಅವಳು ನಂಬಿದಳು, ಅದರಿಂದಲೇ ಅವನಿಗೆ ಹೆಚ್ಚು ಸಂಕಟವಾಯಿತು.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹಿಂದಿನ ಸಂಜೆ, ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಹಿಂಡು ಹಳ್ಳದಿಂದ ಮೇಲೆ ಬಂತು. ಅಣ್ಣಾರಾಯ ಜೋಳದ ಸಾಲಿನಲ್ಲಿ ಮಂಡಿಯೂರಿ ಕುಳಿತಿದ್ದ. ಅಂಚಿನಲ್ಲಿ ಮೇಯುತ್ತಿದ್ದ ಒಂದು ಹೆಣ್ಣನ್ನು ನೋಡಿಟ್ಟುಕೊಂಡ. ಎದೆಗೆ ಗುರಿ ಇಟ್ಟು ಬಿಟ್ಟ. ಬಿಡುವ ಗಳಿಗೆಗೆ ಸರಿಯಾಗಿ ಅದು ಒಂದು ಹೆಜ್ಜೆ ಮುಂದೆ ಇಟ್ಟಿತು. ಬಾಣ ಹೊಟ್ಟೆಗೆ ನೆಟ್ಟಿತು. ಹಿಂಡು ಚಂಗನೆ ನೆಗೆದು ಚದುರಿತು. ಅದೂ ನೆಗೆಯಿತು, ಬಾಣವನ್ನು ಹೊತ್ತುಕೊಂಡೇ ಜೋಳದೊಳಗೆ ನುಗ್ಗಿ ಕಾಣದಾಯಿತು. ಅವನು ಹಿಂದೆ ಓಡಿದ. ಜೋಳದ ಎಲೆಗೆ ರಕ್ತ ಹತ್ತಿತ್ತು. ಕತ್ತಲಾಗುವವರೆಗೆ ಹುಡುಕಿದ, ಸಿಗಲಿಲ್ಲ. ಗುರಿ ತಪ್ಪಿತಲ್ಲ ಎಂಬ ದುಃಖ ಮೊದಲು ಬಂತು. ಸ್ವಲ್ಪ ಹೊತ್ತಿಗೆ ಅದು ಹೋಗಿ ನಿಜಾಮುದ್ದೀನನ ಮಾತು ಬಂದು ಕೂತಿತು. ಹಳ್ಳದಾಚೆ ಎಲ್ಲಾದರೂ ಬಿದ್ದು ಬೇಗ ಪ್ರಾಣ ಬಿಡಲಿ ಎಂದು ಬೇಡಿಕೊಂಡ. ಯಾರನ್ನು ಬೇಡಿಕೊಂಡನೋ ಅವನಿಗೂ ತಿಳಿಯದು.

ಮರುದಿನ ಎಳ್ಳಮಾಸಿ. ಆ ದಿನ ನಮ್ಮ ಕಡೆ ಊರಿನಲ್ಲಿ ಯಾರೂ ಸಿಗುವುದಿಲ್ಲ, ಎಲ್ಲರೂ ಹೊಲದಲ್ಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಮೊದಲು ಹೊಲದ ಸುತ್ತ ಚರಗ ಚೆಲ್ಲಬೇಕು. ಮಾಡಿದ ಅಡಿಗೆಯನ್ನೆಲ್ಲ ಕಲಸಿ, ನೆಲಕ್ಕೆ, ಹಕ್ಕಿಗೆ, ಇರುವೆಗೆ, ಹೊಲದಲ್ಲಿರುವ ಸಕಲ ಜೀವಕ್ಕೂ ಅವುಗಳ ಪಾಲು ಕೊಡುವುದು. ಮುಂದಿನವನು ಚೆಲ್ಲುತ್ತ ಕೂಗುತ್ತಾನೆ, ಹಿಂದೆ ನೀರು ಹಾಕುತ್ತ ಬರುವವರು ಓಗೊಡುತ್ತಾರೆ. ಬದುವಿನಾಚೆ ಇದ್ದವರಿಗೆ ಕೇಳಿಸಿದರೆ ಅವರೂ ಓಗೊಡಬೇಕು. ಕೂಗಿದವನ ದನಿ ಒಂಟಿಯಾಗಿ ಹೋಗಬಾರದು. ರಮಾಬಾಯಿ ಬುದ್ಧನ ದಾರಿ ಹಿಡಿದು, ದೇವರುಗಳನ್ನು ಬಿಟ್ಟು ವರ್ಷಗಳಾಗಿದ್ದರೂ ಚರಗವನ್ನು ಬಿಟ್ಟಿರಲಿಲ್ಲ. ಜೀವಕ್ಕೆ ಅನ್ನ ಹಾಕುವುದಕ್ಕೆ ದೇವರು ಯಾಕೆ ಬೇಕು ಎನ್ನುತ್ತಿದ್ದಳು.

ಅಣ್ಣಾರಾಯ ಚರಗದ ಬುಟ್ಟಿ ಹಿಡಿದ. ನಿನ್ನೆ ಬಿಲ್ಲು ಎಳೆದ ಕೈಯಲ್ಲೇ ಅನ್ನ ಚೆಲ್ಲಿದ. ಚೆಲ್ಲುತ್ತ ಕೂಗಿದ. ಹಿಂದೆ ತಂಬಿಗೆ ಹಿಡಿದು ಬರುತ್ತಿದ್ದ ಪಂಚಶೀಲಾ ಗಟ್ಟಿಯಾಗಿ ಓಗೊಟ್ಟಳು. ನಿಜಾಮುದ್ದೀನ ತನ್ನ ಹೊಲದಿಂದ ಓಗೊಟ್ಟ. ಪಂಪ್‌ಹೌಸಿನ ಹತ್ತಿರ ಬಂಧುಬಳಗ ಸೇರಿಸಿಕೊಂಡು ಕುಳಿತಿದ್ದ ಸಾವಕಾರರೂ ಓಗೊಟ್ಟರು. ಅಷ್ಟು ದೂರದಿಂದ ಅಷ್ಟು ಜನರ ದನಿ ಕೇಳಿ ಅಣ್ಣಾರಾಯನಿಗೆ ಒಂದಿಷ್ಟು ಧೈರ್ಯ ಬಂತು. ಊರು ನನ್ನ ಹಿಂದೆ ಇದೆ ಅಂದುಕೊಂಡ.

ಎಲ್ಲರೂ ಊಟಕ್ಕೆ ಕೂತಿದ್ದರು. ಹಳ್ಳದ ಕಡೆಯ ಜೋಳ ಅಲುಗಿತು. ಚಿಗರಿ ಹೊರಗೆ ಬಂತು.

ಓಡುತ್ತಿರಲಿಲ್ಲ ಅದು. ಜನ ಕಂಡರೆ ಗಾಳಿಯಾಗುವ ಪ್ರಾಣಿ, ಅಷ್ಟು ಜನರ ನಡುವೆ ಕಾಲೆಳೆಯುತ್ತ ನಡೆದು ಬಂತು. ಹೊಟ್ಟೆಯಲ್ಲಿ ಬಾಣ ಹಾಗೆಯೇ ನಿಂತಿತ್ತು. ಎರಡೂ ಹೊಲದ ನಡುವಿನ ಬದುವಿಗೆ, ಚರಗದ ನೀರು ಬಿದ್ದು ಹಸಿಯಾಗಿದ್ದ ಜಾಗಕ್ಕೆ ಬಂದು ಮುಂಗಾಲು ಮಡಚಿ ಬಿತ್ತು. ಬಿದ್ದಲ್ಲೇ ಆ ಹಸಿ ಮಣ್ಣನ್ನು ನೆಕ್ಕತೊಡಗಿತು. ಬತ್ತಿದ ಹಳ್ಳದಲ್ಲಿ ಇಡೀ ರಾತ್ರಿ ನೀರಿಗಾಗಿ ಸುತ್ತಿದ ಜೀವ.

ಅಣ್ಣಾರಾಯನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಜನ ಎದ್ದು ಬಂದು ಸುತ್ತ ನಿಂತರು. ಪಂಪ್‌ಹೌಸಿನ ಮುಂದೆ ಹೌದ್ರಿ ಹೌದ್ರಿ ಎಂದವರೆಲ್ಲ ಅಲ್ಲಿದ್ದರು. ಒಬ್ಬರೂ ಅವನ ಮುಖ ನೋಡಲಿಲ್ಲ. ಬಂದೂಕಿದ್ದರೆ ಒಂದೇ ಗುಂಡಿಗೆ ಮುಗಿಯುತ್ತಿತ್ತು ಎಂದು ಯಾರೋ ಪಿಸುಗುಟ್ಟಿದರು. ಬಂದೂಕು ಠಾಣೆಯಲ್ಲಿತ್ತು. ಇದ್ದರೂ ಹಿಡಿಯುವ ಕೈ ಯಾವುದಿತ್ತು? ಒಬ್ಬರಿಗೆ ಲಿಂಗ, ಒಬ್ಬರಿಗೆ ಶೀಲ, ಎಲ್ಲರಿಗೂ ಹಬ್ಬ. ಕೊಲ್ಲಬೇಕೆಂದು ಕೂತು ನಿರ್ಧಾರ ಮಾಡಿದ ಊರಿನಲ್ಲಿ, ಅರ್ಧ ಸತ್ತದ್ದನ್ನು ಪೂರ್ತಿ ಮಾಡಲು ಒಬ್ಬ ಗಂಡಸು ಇರಲಿಲ್ಲ.

ಸಾವಕಾರರ ಮಗಳು ಭುವನೇಶ್ವರಿ ಕಲಬುರಗಿಯಲ್ಲಿ ಓದುವವಳು, ಹಬ್ಬಕ್ಕೆ ಬಂದಿದ್ದಳು. ಅವಳು ಅಳುತ್ತಲೇ ಅರಣ್ಯ ಇಲಾಖೆಗೆ ಫೋನ್ ಮಾಡಿಬಿಟ್ಟಿದ್ದಳು. ಪಾಪ, ತನ್ನಪ್ಪನ ಕಾರಿನ ಸೀಟಿನ ಕೆಳಗೆ ಏನಿತ್ತೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಸುದ್ದಿ ಕೇಳಿ ಸಾವಕಾರರ ಮುಖ ಬಿಳಿಚಿತು. ಅಣ್ಣಾರಾಯನ ಕಿವಿಯ ಹತ್ತಿರ ಬಂದು, ಬಾಣ ಕಿತ್ತು ಹೂತುಹಾಕು, ನಾಯಿ ಕಚ್ಚಿತು ಅನ್ನೋಣ ಎಂದರು.

ಅವನು ಮಂಡಿಯೂರಿ ಬಾಣಕ್ಕೆ ಕೈ ಹಾಕಿದ. ಸ್ವಲ್ಪ ಎಳೆದ. ಕೊಕ್ಕೆ ಒಳಗೆ ಹಿಡಿದಿತ್ತು. ಚಿಗರಿ ಕೂಗಿತು. ಆ ದನಿಯನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಕೈ ಬಿಟ್ಟ.

ಆಗ ರಮಾಬಾಯಿ ತಂಬಿಗೆ ಹಿಡಿದು ಅವನ ಎದುರಿಗೆ ಬಂದು ಕುಳಿತಳು. ಚಿಗರಿಯ ಬಾಯಿಗೆ ಸ್ವಲ್ಪ ಸ್ವಲ್ಪ ನೀರು ಬಿಟ್ಟಳು. ಗಂಡನ ಕೈ ನೋಡಿದಳು, ಮುಖ ನೋಡಿದಳು. ಕೇಳುವುದು ಏನೂ ಉಳಿದಿರಲಿಲ್ಲ. ನಿಜಾಮುದ್ದೀನ ಬೈಕಿನ ಚಾವಿ ಕೈಯಲ್ಲಿ ಹಿಡಿದು ಓಡಿ ಬಂದ. ಬೈಕು ಹತ್ತು, ಅಫಜಲಪುರದ ಮೇಲೆ ಹಾಯ್ದು ರಾಜ್ಯದ ಗಡಿ ದಾಟಿಸಿ ಬಿಡುತ್ತೇನೆ, ಜೀಪು ಬರುವುದರೊಳಗೆ ಹೋಗೋಣ ಎಂದು ಅವನ ರಟ್ಟೆ ಹಿಡಿದು ಎಳೆದ. ಅಣ್ಣಾರಾಯ ಅರ್ಧ ಎದ್ದ. ಅವನ ಜೀವಕ್ಕೂ ಓಡಬೇಕೆಂದೇ ಇತ್ತು, ಸುಳ್ಳು ಯಾಕೆ ಹೇಳಲಿ.

ರಮಾಬಾಯಿ ತಲೆ ಎತ್ತದೆ ಹೇಳಿದಳು: “ಹೋಗ್ರಿ, ನಾ ತಡಿಯೂದಿಲ್ಲ. ಆದ್ರ ನೀವ್ ಮಾಡಿದ್ದರ ಹತ್ರ ಯಾರ್ ಕುಂದ್ರಬೇಕು, ಅಷ್ಟು ಹೇಳಿ ಹೋಗ್ರಿ.”

ಅಣ್ಣಾರಾಯ ಕುಳಿತುಬಿಟ್ಟ. ಚಿಗರಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ಅದು ಬಿಡಿಸಿಕೊಳ್ಳಲು ನೋಡಲಿಲ್ಲ. ಎರಡು ವರ್ಷ ಬೈದು ಓಡಿಸಿದ ಪ್ರಾಣಿಯ ಕಣ್ಣು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ.

ಜೀಪು ಬಂತು. ಅಧಿಕಾರಿ ಇಳಿದು ನೋಡಿದರು, ಪಶುವೈದ್ಯರಿಗೆ ಫೋನ್ ಮಾಡಿದರು, ಆಮೇಲೆ ಸುತ್ತ ನಿಂತವರ ಕಡೆ ತಿರುಗಿ ಬಾಣ ಯಾರದೆಂದು ಕೇಳಿದರು. ಸಾವಕಾರರು ನೆಲ ನೋಡುತ್ತ ನಿಂತಿದ್ದರು.

“ನಂದ್ರಿ. ನಾ ಹೊಡದೇನಿ,” ಎಂದ ಅಣ್ಣಾರಾಯ.

ಬೆಳಿಗ್ಗೆ ಚರಗದ ಕೂಗಿಗೆ ಓಗೊಟ್ಟ ದನಿಗಳೆಲ್ಲ ಅಲ್ಲೇ ಇದ್ದವು. ನಮ್ಮದೂ ಅದರಿ ಇದರಾಗ ಎಂದು ಒಂದಾದರೂ ಏಳಲಿ ಎಂದು ಕಾದ. ಒಂದೂ ಏಳಲಿಲ್ಲ. ನಿಜಾಮುದ್ದೀನ ಬಾಯಿ ತೆರೆದನೇನೋ. ಬೇಡವೆಂದು ಅಣ್ಣಾರಾಯನೇ ಕಣ್ಣಲ್ಲಿ ತಡೆದ. ಬೇಡವೆಂದ ಒಬ್ಬನನ್ನು ಇದರಲ್ಲಿ ಎಳೆಯುವುದು ಯಾವ ನ್ಯಾಯ?

ನಿನಗೆ ಯಾರು ಹೇಳಿದರು, ಇಂಥ ಬಾಣ ಎಲ್ಲಿಂದ ಬಂತು ಎಂದು ಅಧಿಕಾರಿ ಮತ್ತೆ ಕೇಳಿದರು. ಅಣ್ಣಾರಾಯ ಸಾವಕಾರರ ಕಡೆ ನೋಡಿದ. ಒಂದು ಹೆಸರು ಹೇಳಿದರೆ ಸಾಕಿತ್ತು. ಆದರೆ ಆ ಹೆಸರಿನ ಹಿಂದೆ ಹೊಲವಿತ್ತು, ಹೊಲದ ಹಿಂದೆ ಪಂಚಶೀಲಾಳ ಬೆಳಗಿನ ಬಸ್ಸು. ತಾನು ಜೈಲಿನಲ್ಲಿದ್ದರೂ ರಮಾಬಾಯಿ ಹೊಲ ಮಾಡಿಕೊಂಡು ಹೋದಾಳು. ಅಷ್ಟು ಉಳಿದರೆ ಸಾಕು.

“ಯಾರೂ ಹೇಳಿಲ್ರಿ. ನಾ ಒಬ್ಬನೇ.”

ಸಾವಕಾರರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಉಸಿರು ಬಿಟ್ಟ ಮೇಲೆ ಅವರಿಗೆ ಬಾಯಿಯೂ ಬಂತು.

“ನೋಡ್ರಿ ಸಾಹೇಬ್ರ, ನಾವು ಶರಣರ ಮನಿತನದವರು. ಮೂಕ ಪ್ರಾಣಿಗೆ ಹಿಂಗ ಮಾಡಿದವಂಗ ನನ್ನ ಹೊಲದಾಗ ಇನ್ನ ಜಾಗಿಲ್ಲ. ಇವತ್ತಿಗೆ ಬಿಡಿಸೇನಿ. ಬೇಕಾದ್ರ ಬರಕೋರಿ.”

ಅಣ್ಣಾರಾಯನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ, ಎದ್ದು ಅವರ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ತೊಡೆಯ ಮೇಲೆ ಚಿಗರಿಯ ತಲೆ ಇತ್ತು. ಈಗ ಬಾಯಿ ಬಿಟ್ಟರೂ ಬಾಣ ಅವರು ಕೊಟ್ಟದ್ದೆಂದು ಯಾರು ನಂಬುತ್ತಿದ್ದರು? ಒಬ್ಬನೇ ಎಂದು ತನ್ನ ಬಾಯಿಂದಲೇ ಹೇಳಿಯಾಗಿತ್ತು.

ಚಿಗರಿಯನ್ನು ಜೇವರ್ಗಿಯ ದನದ ದವಾಖಾನೆಗೆ ಒಯ್ಯಬೇಕಿತ್ತು. ಜೀಪಿನ ಹಿಂದೆ ಗೋಣಿ ಹಾಸಿ ಮಲಗಿಸಿದರು. ಒದ್ದಾಡಿದರೆ ಬಾಣ ಇನ್ನೂ ಒಳಗೆ ಹೋಗುತ್ತದೆ, ಯಾರಾದರೂ ಗಟ್ಟಿಯಾಗಿ ಹಿಡಿದು ಕೂರಬೇಕು ಎಂದರು ಅಧಿಕಾರಿ. ಊರವರಲ್ಲಿ ಯಾರೂ ಮುಂದೆ ಬರಲಿಲ್ಲ. ಹೇಗೂ ಹಿಡಿದು ಒಯ್ಯಬೇಕಾದವನೇ ಇದ್ದನಲ್ಲ, ಅಣ್ಣಾರಾಯನನ್ನೇ ಕೂರಿಸಿದರು. ಅವನು ಎರಡೂ ಕೈಯಿಂದ ಅದನ್ನು ಎದೆಗೆ ಅವುಚಿಕೊಂಡ. ಅದರ ಎದೆ ಬಡಿಯುವುದು ಅವನ ಎದೆಗೆ ತಾಗುತ್ತಿತ್ತು.

ಜೀಪು ಗಾಡಿದಾರಿ ಹಿಡಿದು ಏರುವಾಗ ಹಿಂದಿನ ತೆರೆದ ಬಾಗಿಲಿನಿಂದ ಹೊಲ ಪೂರ್ತಿ ಕಾಣಿಸಿತು. ಊಟ ಬಿಟ್ಟು ಎದ್ದ ಜನ ಒಬ್ಬೊಬ್ಬರೇ ಬುಟ್ಟಿ ಕಟ್ಟಿಕೊಂಡು ಊರ ದಾರಿ ಹಿಡಿದಿದ್ದರು. ಹೊಲ ಬರಿದಾದದ್ದೇ ತಡ, ಹಳ್ಳದ ಕಡೆಯಿಂದ ಹಿಂಡು ಬಂತು. ಮುಂದೆ ಕರಿ ಗಂಡು, ಹಿಂದೆ ಹೆಣ್ಣುಗಳು, ಮರಿಗಳು. ಚೆಲ್ಲಿದ ಚರಗವನ್ನು ಮೂಸಿದವು, ತೊಗರಿಯ ಸಾಲಿಗೆ ಬಾಯಿ ಹಾಕಿದವು.

ರಮಾಬಾಯಿ ಮತ್ತು ಪಂಚಶೀಲಾ ಜೀಪಿನ ಹಿಂದೆ ಓಡಿ ಬರುತ್ತಿದ್ದವರು ನಿಂತರು. ತಿರುಗಿ ನೋಡಿದರು. ಪಂಚಶೀಲಾ ಹಬ್ಬದ ತಾಟು ಎತ್ತಿಕೊಂಡು ಬಡಿಯುತ್ತ ಹೊಲಕ್ಕೆ ನುಗ್ಗಿದಳು. ರಮಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೋ ಹೋ ಎಂದು ಕೂಗುತ್ತ ಅವಳ ಹಿಂದೆ ಓಡಿದಳು. ನಿಲ್ಲಿರಿ, ಅದು ಇನ್ನು ನಮ್ಮ ಹೊಲವಲ್ಲ ಎಂದು ಅಣ್ಣಾರಾಯನಿಗೆ ಕೂಗಿ ಹೇಳಬೇಕಾಗಿತ್ತು. ಕೂಗಿದರೆ ಎದೆಗೆ ಅವುಚಿದ ಚಿಗರಿ ಬೆದರುತ್ತದೆಂದು ಸುಮ್ಮನೆ ಕುಳಿತ.